ಬಿಚ್ಚಲು ಬರುವ ಮೀನಿನ ಪೆಟ್ಟಿಗೆ

ಸುಂದರಕ್ಕನ ಮನೆ ಕಾಪುವಿನಲ್ಲಿ, ಮೀನಿನ ವ್ಯಾಪಾರ ಕಟಪಾಡಿಯಲ್ಲಿ. ಬೆಳಿಗ್ಗೆ ಮಲ್ಪೆ ಬಂದರಿನ ದಕ್ಕೆಗೆ ಹೋಗಿ, ಏಲಂನಲ್ಲಿ ಮೀನು ಕೊಂಡು, ಐಸ್ ಹಾಕಿ, ಟೆಂಪೋದಲ್ಲಿ ಬಂದು ಮಾರ್ಕೆಟ್ಟಿನಲ್ಲಿ ತಮ್ಮ ಜಾಗದಲ್ಲಿ ಕುಳಿತರೆಂದರೆ ಗಿರಾಕಿಗಳು ಮೊದಲು ಬರುತ್ತಿದ್ದುದು ಅವರ ಬಳಿಗೇ. "ಸುಂದರಕ್ಕನ ಮೀನು ಅಂದ್ರೆ ಕಣ್ಣು ಮುಚ್ಚಿ ತಗೊಳ್ಬಹುದು" ಎನ್ನುತ್ತಿದ್ದರು ಜನ. ಮೀನು ಮಾರುವ ಹೆಂಗಸಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇನ್ನೇನು ಬೇಕು?

ಆ ಮರ್ಯಾದೆಗೆ ಒಂದು ದಿನ ಪೆಟ್ಟು ಬಿತ್ತು.

ಸುಗಂಧಿ ಟೀಚರ್ ಸುಂದರಕ್ಕನ ಹಳೆಯ ಗಿರಾಕಿ. ಎಂದಿನಂತೆ ಬಂದವರು ಮೀನಿನ ಪೆಟ್ಟಿಗೆಯ ಮೇಲೆ ಬಗ್ಗಿದರು. ಬಗ್ಗಿದಷ್ಟೇ ಬೇಗ ನೆಟ್ಟಗಾದರು.

"ಸುಂದರಕ್ಕ, ಬಂಗುಡೆ ಇವತ್ತಿನದ್ದೇ ಅಲ್ವಾ?"

"ಎಂತ ಟೀಚರ್, ಹೀಗೆ ಕೇಳ್ತೀರಿ! ಬೆಳಿಗ್ಗೆ ದೋಣಿಯಿಂದ ಇಳಿದದ್ದು. ಕಿವಿರು ನೋಡಿ, ದಾಸವಾಳದ ಹಾಗೆ ಕೆಂಪು ಉಂಟು."

ಟೀಚರ್ ನೋಡಿದರು. ಕೆಂಪಗೇ ಇತ್ತು. ಆದರೂ ಅವರ ಕೈ ಸೆರಗಿನ ಕಡೆಗೆ, ಸೆರಗು ಮೂಗಿನ ಕಡೆಗೆ ಹೋಯಿತು. "ಮೀನು ಚೆಂದ ಉಂಟು. ಆದ್ರೆ ಎಂತದೋ ಒಂದು ವಾಸನೆ... ಇವತ್ತು ಬೇಡ, ಇನ್ನೊಮ್ಮೆ ಬರ್ತೇನೆ, ಆಯ್ತಾ?"

ಪಕ್ಕದಲ್ಲಿ ಮೀನು ಮಾರುವ ಜಲಜಕ್ಕ ಕಾದೇ ಕುಳಿತಿದ್ದರು. "ಇಲ್ಲಿ ಬನ್ನಿ ಟೀಚರೇ! ನನ್ನ ಮೀನಿಗೆ ಅತ್ತರು ಹಾಕ್ಲಿಲ್ಲ, ಆದ್ರೆ ನಾತವೂ ಇಲ್ಲ!"

ಮಾರ್ಕೆಟ್ಟಿಡೀ ನಕ್ಕಿತು. ಸುಂದರಕ್ಕನ ಮುಖ ಉರಿದು ಹೋಯಿತು. ನಾತ ಮೀನಿನದ್ದಲ್ಲ, ಮೀನು ಇಡುವ ಐಸ್ ಪೆಟ್ಟಿಗೆಯದ್ದು ಎಂದು ಅವರಿಗೆ ಕೆಲವು ದಿನಗಳಿಂದಲೇ ಗೊತ್ತಿತ್ತು. ಹುಳಿ ಹಾಕಿ ತಿಕ್ಕಿದ್ದರು, ಉಪ್ಪು ಹಾಕಿ ತಿಕ್ಕಿದ್ದರು, ನಿಂಬೆಹಣ್ಣು ಹಿಂಡಿದ್ದರು, ಬಿಸಿಲಿಗೆ ಬೋರಲು ಹಾಕಿದ್ದರು. ತೊಳೆದ ದಿನ ಸುಮ್ಮನಿದ್ದ ನಾತ ಮರುದಿನ ಐಸ್ ಬಿದ್ದ ಕೂಡಲೇ ಎದ್ದು ಬರುತ್ತಿತ್ತು. ಪೆಟ್ಟಿಗೆಯನ್ನು ಅಲುಗಾಡಿಸಿದರೆ ಗೋಡೆಯ ಒಳಗೆಲ್ಲೋ ನೀರು ಗುಳುಗುಳು ಎನ್ನುತ್ತಿತ್ತು.

ಗೊತ್ತಿದ್ದೂ ಬಾಯಿ ಬಿಡದೆ ಇದ್ದುದಕ್ಕೆ ಒಂದು ಕಾರಣವಿತ್ತು. ಆ ಪೆಟ್ಟಿಗೆ ಮಾಡಿದವರು ಅವರ ಗಂಡ ಗಣಪಣ್ಣ.

ಗಣಪಣ್ಣ ಮೊದಲು ಮಲ್ಪೆಯಲ್ಲಿ ಫೈಬರ್ ದೋಣಿ ಕಟ್ಟುವ ಕೆಲಸದಲ್ಲಿದ್ದವರು. ಬೆನ್ನುನೋವು ಶುರುವಾದ ಮೇಲೆ ಮನೆಯ ಹಿಂದೆ ಶೆಡ್ಡು ಹಾಕಿ ಮೀನಿನ ಪೆಟ್ಟಿಗೆ ಮಾಡತೊಡಗಿದರು. ನಡುವೆ ಥರ್ಮಾಕೋಲ್, ಒಳಗೂ ಹೊರಗೂ ಫೈಬರ್, ಎಲ್ಲವನ್ನೂ ಸೇರಿಸಿ ಒಂದೇ ಅಂಟು. ದೋಣಿ ಕಟ್ಟಿದ ಕೈ ಅಲ್ಲವೇ, ಪೆಟ್ಟಿಗೆಯನ್ನೂ ದೋಣಿಯ ಹಾಗೆಯೇ ಕಟ್ಟಿದರು. ಕೊಳ್ಳಲು ಬಂದವರ ಎದುರು ಅದರ ಮೇಲೆ ಹತ್ತಿ ನಿಂತು, "ಎಲ್ಲಿಯಾದ್ರೂ ಒಂದು ಸಂದು ತೋರಿಸಿ, ಒಂದು ತಿರುಪು ತೋರಿಸಿ! ಒಮ್ಮೆ ಮುಚ್ಚಿದ್ರೆ ದೇವರು ಬಂದ್ರೂ ಬಿಚ್ಚಲಿಕ್ಕಾಗುವುದಿಲ್ಲ" ಎನ್ನುತ್ತಿದ್ದರು. ಕಾಪುವಿನ ಅರ್ಧಕ್ಕರ್ಧ ಮೀನಿನ ಹೆಂಗಸರ ಬಳಿ ಇದ್ದುದು ಅವರ ಪೆಟ್ಟಿಗೆಯೇ.

ಅವತ್ತು ಮಧ್ಯಾಹ್ನ ಗಂಡನಿಗೆ ಗಂಜಿ ಬಡಿಸುತ್ತಾ ಸುಂದರಕ್ಕ ಮೆಲ್ಲನೆ ಮಾತು ತೆಗೆದರು. "ಪೆಟ್ಟಿಗೆ ಯಾಕೋ ನಾತ ಬರ್ತಾ ಉಂಟು, ಮಾರಾಯ್ರೆ."

"ನನ್ನ ಪೆಟ್ಟಿಗೆಗೆ ನಾತವಾ? ನಿನ್ನ ಮೀನು ಸರಿ ಇರ್ಲಿಕ್ಕಿಲ್ಲ."

ಗಂಜಿಯ ಸೌಟು ಪಾತ್ರೆಗೆ ಬಿತ್ತು. "ನನ್ನ ಮೀನಿಗೆ ಹೇಳಿದ್ರಾ? ಏಳಿ. ಬಂದು ಮೂಸಿ ನೋಡಿ. ಆಮೇಲೆ ಊಟ."

ಗಣಪಣ್ಣ ಪೆಟ್ಟಿಗೆಯೊಳಗೆ ತಲೆ ಹಾಕಿದರು. ಹಾಕಿದ್ದಕ್ಕಿಂತ ಬೇಗ ಹೊರಗೆ ತೆಗೆದರು. ಆದರೂ ಸೋಲಲಿಲ್ಲ. "ಮೀನಿನ ಪೆಟ್ಟಿಗೆಗೆ ಮತ್ತೆಂತ ಮಲ್ಲಿಗೆ ಪರಿಮಳ ಬರ್ತದಾ?"

ಅಷ್ಟರಲ್ಲಿ ಪಕ್ಕದ ಮನೆಯ ಎಸ್ತರ್ ಕರಿಬೇವು ಕೇಳಲು ಅಂಗಳಕ್ಕೆ ಬಂದರು. ಎಸ್ತರ್ ಮಣಿಪಾಲದ ಒಂದು ತರಬೇತಿ ಕೇಂದ್ರದಲ್ಲಿ ಮಿಕ್ಸಿ, ಫ್ಯಾನು, ವಾಷಿಂಗ್ ಮೆಷಿನ್ ರಿಪೇರಿ ಕಲಿಸುವವರು. ಸುಂದರಕ್ಕನ ಜೊತೆ ಶಾಲೆಗೆ ಹೋದವರು. ಸುಂದರಕ್ಕ ಬೆಳಿಗ್ಗೆ ಆದದ್ದನ್ನೆಲ್ಲ ಹೇಳಿಕೊಂಡರು. "ಇನ್ನು ಹೀಗೇ ಆದ್ರೆ ನನ್ನ ಹತ್ರ ಯಾರು ಬರ್ತಾರೆ, ಎಸ್ತರ್? ಇಷ್ಟು ವರ್ಷ ಕಾಪಾಡಿದ ಹೆಸರು."

ಎಸ್ತರ್ ಪೆಟ್ಟಿಗೆಯ ಮೂಲೆ ಮೂಲೆ ಸವರಿ ನೋಡಿದರು. "ಗಣಪಣ್ಣ, ಒಮ್ಮೆ ಬಿಚ್ಚಿ ನೋಡುವಾ?"

"ಬಿಚ್ಚುವುದಾ? ಬಿಚ್ಚಲಿಕ್ಕೆ ಬರುವುದಿಲ್ಲ ಅಂತಲೇ ಜನ ನನ್ನ ಪೆಟ್ಟಿಗೆ ತಗೊಳ್ಳುವುದು, ಎಸ್ತರ್ ಬಾಯಿ."

"ಹಾಗಾದ್ರೆ ಕೊಯ್ಯಿರಿ. ಹೇಗೂ ಸುಂದರಿಗೆ ಇದು ಇನ್ನು ಬೇಡ."

ಗಣಪಣ್ಣ ಮೂಗಿಗೆ ಬಟ್ಟೆ ಕಟ್ಟಿ ಕಟ್ಟರ್ ಹಿಡಿದರು. ತಾವೇ ಹಾಕಿದ ಅಂಟು, ತಾವೇ ಹಾಕಿದ ಫೈಬರ್, ಅವರಿಗೇ ಬಗ್ಗಲಿಲ್ಲ. ಬೆವರು ಸುರಿಸಿ ಕೊಯ್ದಾಗ ಒಳಗಿನ ಥರ್ಮಾಕೋಲ್ ಕಂಡಿತು. ಬೆಳ್ಳಗಿರಬೇಕಾದದ್ದು ಕಪ್ಪಾಗಿ, ಲೋಳೆ ಲೋಳೆಯಾಗಿ ಕೊಳೆತ ನೀರು ಕುಡಿದು ಕೂತಿತ್ತು. ಒಳಮೂಲೆಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು. ಐಸ್ ಕರಗಿದ ನೀರು, ಮೀನಿನ ರಕ್ತ ಎಲ್ಲ ಅಲ್ಲಿಂದಲೇ ಒಳಗೆ ಇಳಿದಿತ್ತು.

ಗಣಪಣ್ಣ ಜಗಲಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಬಯ್ಯಬೇಕೆಂದು ಬಂದ ಸುಂದರಕ್ಕನಿಗೆ ಬಯ್ಯಲು ಮನಸ್ಸಾಗಲಿಲ್ಲ. ಒಳಗೆ ಹೋಗಿ ಒಂದು ಚೆಂಬು ನೀರು, ಒಂದು ಬೆಲ್ಲದ ತುಂಡು ತಂದು ಪಕ್ಕದಲ್ಲಿಟ್ಟರು.

"ಗಣಪಣ್ಣ, ದೋಣಿಯಲ್ಲಿ ನೀರು ಎಲ್ಲಿರ್ತದೆ?" ಎಂದು ಎಸ್ತರ್ ಕೇಳಿದರು.

"ಹೊರಗೆ. ಮತ್ತೆಲ್ಲಿ?"

"ಮೀನಿನ ಪೆಟ್ಟಿಗೆಯಲ್ಲಿ?"

ಗಣಪಣ್ಣ ತಲೆ ಎತ್ತಿದರು. "ಒಳಗೆ" ಎಂದರು ಮೆಲ್ಲನೆ.

"ದೋಣಿಯನ್ನಾದ್ರೆ ಮಳೆಗಾಲದಲ್ಲಿ ಮೇಲೆ ಎಳೆದು, ಮೈಯೆಲ್ಲ ನೋಡಿ, ಬಿರುಕು ಇದ್ದಲ್ಲಿ ಸರಿ ಮಾಡ್ತೀರಿ. ಈ ಪೆಟ್ಟಿಗೆಯ ಹೊಟ್ಟೆಯೊಳಗೆ ನೋಡುವುದು ಹೇಗೆ? ಒಂದು ಮೂಲೆ ಹಾಳಾದ್ರೆ ಇಡೀ ಪೆಟ್ಟಿಗೆ ಹಾಳು. ಹಾಳಾದದ್ದನ್ನು ಎಂತ ಮಾಡ್ತೀರಿ?"

ಎಂತ ಮಾಡುತ್ತಾರೆ ಎಂದು ಮೂವರಿಗೂ ಗೊತ್ತಿತ್ತು. ಶೆಡ್ಡಿನ ಹಿಂದೆ, ಕೇದಗೆ ಪೊದೆಯ ಬುಡದಲ್ಲಿ, ಸತ್ತ ಪೆಟ್ಟಿಗೆಗಳ ದೊಡ್ಡ ರಾಶಿಯೇ ಇತ್ತು. ಪಂಚಾಯತಿನ ಒಣ ಕಸದ ಗಾಡಿಯವರು ಅದನ್ನು ಮುಟ್ಟುತ್ತಿರಲಿಲ್ಲ. ಗುಜರಿಯವರಿಗೂ ಬೇಡ. ಥರ್ಮಾಕೋಲಿನಿಂದ ಫೈಬರ್ ಬಿಡಿಸಲು ಬಾರದು, ಬಿಡಿಸದೆ ಯಾವುದಕ್ಕೂ ಆಗದು. ಸುಟ್ಟರೆ ವಿಷದ ಹೊಗೆ. ಗಾಳಿ-ಮಳೆಗೆ ಉದುರಿದ ಬಿಳಿ ಹರಳುಗಳು ತೋಡಿನಲ್ಲಿ ತೇಲಿ ಸಮುದ್ರಕ್ಕೆ ಹೋಗುತ್ತಿದ್ದವು.

"ನಮ್ಮ ಕೇಂದ್ರಕ್ಕೂ ದಿನಾ ಇಂಥದ್ದೇ ಬರ್ತದೆ" ಎಂದರು ಎಸ್ತರ್. "ನೀರು ಕಾಯಿಸುವ ಕೆಟ್ಲು, ಮಕ್ಕಳ ಆಟದ ಕಾರು. ಒಳಗೆ ಒಂದು ತಂತಿ ಕಡಿದಿರ್ತದೆ, ಅಷ್ಟೇ. ಆದ್ರೆ ಒಳಗೆ ಹೋಗ್ಲಿಕ್ಕೆ ದಾರಿಯೇ ಇಲ್ಲ, ಎಲ್ಲ ಅಂಟಿಸಿಬಿಟ್ಟಿದ್ದಾರೆ. ಒಡೆದೇ ತೆಗೆಯಬೇಕು. ಒಡೆದ ಮೇಲೆ ರಿಪೇರಿ ಎಲ್ಲಿಂದ? ಬ್ಯಾಟರಿ ಸಮೇತ ಕಸಕ್ಕೆ. ಸುಂದರಿ, ನಿನ್ನ ಕುಕ್ಕರ್ ಯಾವಾಗಿನದ್ದು ಮಾರಾಯ್ತಿ?"

"ಅದು ಮದುವೆಗೆ ನಾದಿನಿ ಕೊಟ್ಟದ್ದು."

"ಅದರ ರಬ್ಬರ್ ಬದಲಿಸಿದ್ದೀಯಾ?"

"ಬದಲಿಸದೆ? ಎಷ್ಟು ಸಲವೋ. ಹಿಡಿಯನ್ನೂ ಹೊಸತು ಹಾಕ್ಸಿದ್ದೇನೆ. ಸೀಟಿಯನ್ನೂ."

"ಕುಕ್ಕರ್ ಮಾಡಿದವರು ಮುಚ್ಚಳ, ರಬ್ಬರ್, ಹಿಡಿ ಎಲ್ಲ ಒಟ್ಟಿಗೆ ಅಂಟಿಸಿ ಕೊಟ್ಟಿದ್ರೆ?"

ಸುಂದರಕ್ಕನಿಗೆ ನಗು ಬಂತು. "ಮೊದಲ ರಬ್ಬರ್ ಹೋದಾಗಲೇ ಕುಕ್ಕರ್ ಬಾವಿಕಟ್ಟೆಯ ಹತ್ರ ಗಿಡ ನೆಡ್ಲಿಕ್ಕೆ ಹೋಗ್ತಿತ್ತು!"

"ಅಷ್ಟೇ ವಿಷಯ. ಒಂದು ವಸ್ತು ಮಾಡುವಾಗಲೇ ಅದು ಹಾಳಾಗುವ ದಿನವನ್ನೂ ನೆನೆಸಿಕೊಳ್ಳಬೇಕು. ಹಾಳಾದ ಭಾಗ ಮಾತ್ರ ತೆಗೆಯಲಿಕ್ಕೆ ಆಗಬೇಕು. ಪೂರ್ತಿ ಮುಗಿದ ದಿನ ಪ್ಲಾಸ್ಟಿಕ್ ಬೇರೆ, ಕಬ್ಬಿಣ ಬೇರೆ, ಥರ್ಮಾಕೋಲ್ ಬೇರೆ ಆಗಬೇಕು. ಆಗ ಕಸ ಕೂಡ ಕಸ ಅಲ್ಲ, ಮತ್ತೊಂದು ವಸ್ತುವಿಗೆ ಮಾಲು."

ಗಣಪಣ್ಣ ಬೆಲ್ಲ ಬಾಯಿಗೆ ಹಾಕಿಕೊಂಡು ಗೊಣಗಿದರು. "ಎಸ್ತರ್ ಬಾಯಿ, ಕುಕ್ಕರಿನ ಮಾತು ಚೆಂದ ಉಂಟು. ಆದ್ರೆ ಬಿಚ್ಚಬೇಕು ಅಂದ್ರೆ ತಿರುಪು ಹಾಕ್ಬೇಕು. ತಿರುಪು ಅಂದ್ರೆ ತೂತು. ತೂತು ಅಂದ್ರೆ ಸೋರುವುದು. ಬಸ್ಸಿನಲ್ಲಿ ಸೋರಿದ್ರೆ ಕಂಡಕ್ಟರ್ ಹೆಂಗಸರನ್ನೂ ಪೆಟ್ಟಿಗೆಯನ್ನೂ ಒಟ್ಟಿಗೆ ಇಳಿಸ್ತಾನೆ."

ಕೊಯ್ದ ಪೆಟ್ಟಿಗೆಯನ್ನೇ ನೋಡುತ್ತಿದ್ದ ಸುಂದರಕ್ಕ ಹೇಳಿದರು: "ತೂತನ್ನು ನೀರು ನಿಲ್ಲುವಲ್ಲಿ ಯಾಕೆ ಮಾಡ್ತೀರಿ? ಒಳಗೆ ಒಂದೇ ಅಚ್ಚಿನ ತೊಟ್ಟಿ ಇರ್ಲಿ, ಅದಕ್ಕೆ ತೂತು ಬೇಡ. ಮೇಲೆ ಅಂಚಿನಲ್ಲಿ ಮಾತ್ರ ಹೊರಗಿನ ಪೆಟ್ಟಿಗೆಗೆ ಸೇರಿಸಿ. ನೀರು ಅಂಚಿನವರೆಗೆ ಬರುವಷ್ಟು ಹೊತ್ತು ನಾನೆಂತ ನಿದ್ದೆ ಮಾಡ್ತೇನಾ? ಚೆಲ್ಲುವುದಿಲ್ವಾ?"

ಎಸ್ತರ್ ಚಪ್ಪಾಳೆ ತಟ್ಟಿದರು. ಗಣಪಣ್ಣ ಎದ್ದು ಶೆಡ್ಡಿಗೆ ಹೋದರು. ಗಂಜಿ ಆರಿಯೇ ಹೋಯಿತು.

ಮೊದಲನೆಯ ಪೆಟ್ಟಿಗೆ ಸರಿಯಾಗಲಿಲ್ಲ. ಶೆಡ್ಡಿನಲ್ಲಿ ಕೈಗೆ ಸಿಕ್ಕಿದ ಕಬ್ಬಿಣದ ತಿರುಪುಗಳನ್ನೆಲ್ಲ ಗಣಪಣ್ಣ ಹಾಕಿದ್ದರು. ಒಂದು ಉದ್ದ, ಒಂದು ಗಿಡ್ಡ. ಒಂದರ ತಲೆಯಲ್ಲಿ ಗೀಟು, ಇನ್ನೊಂದರಲ್ಲಿ ನಕ್ಷತ್ರ. ಬಾವಿಕಟ್ಟೆಯ ಬಳಿ ತೊಳೆಯಲು ಕುಳಿತ ಸುಂದರಕ್ಕ ಕೈತುಂಬ ತಿರುಪು ಹಿಡಿದು, "ಇದು ಪೆಟ್ಟಿಗೆಯಾ, ಪರೀಕ್ಷೆಯಾ? ಯಾವುದು ಎಲ್ಲಿಯದ್ದು ಮಾರಾಯ್ರೆ?" ಎಂದು ಕೂಗಿದರು. ಸ್ವಲ್ಪ ದಿನದಲ್ಲಿ ಉಪ್ಪುನೀರು ತನ್ನ ಕೆಲಸ ಮಾಡಿತು. ತಿರುಪುಗಳು ತುಕ್ಕು ಹಿಡಿದು ಅಲುಗಾಡದಾದವು.

"ನಾನು ಮೊದಲೇ ಹೇಳಿದ್ದೆ ಅಲ್ವಾ!" ಗಣಪಣ್ಣನಿಗೆ ಬೇಸರದಲ್ಲೂ ಒಂದು ಸಂತೋಷ.

ಎಸ್ತರ್ ಬಿಡಲಿಲ್ಲ. "ಬಿಚ್ಚುವುದು ಸುಲಭ ಆಗಬೇಕು, ಗಣಪಣ್ಣ. ಎಲ್ಲ ಕಡೆಗೂ ಒಂದೇ ಅಳತೆಯ ಬೋಲ್ಟು ಹಾಕಿ. ತುಕ್ಕು ಹಿಡಿಯದ್ದು ಹಾಕಿ. ಕಣ್ಣಿಗೆ ಕಾಣುವ ಜಾಗದಲ್ಲಿ ಹಾಕಿ. ಮತ್ತೆ ಒಳಗಿನ ತೊಟ್ಟಿ, ಹೊರಗಿನ ಶೀಟು ಎರಡೂ ಒಂದೇ ಜಾತಿಯ ಪ್ಲಾಸ್ಟಿಕ್ ಇರ್ಲಿ. ಅಡಿಯಲ್ಲಿ ತ್ರಿಕೋನ, ಅದರೊಳಗೆ ಒಂದು ಸಂಖ್ಯೆ ಇರ್ತದಲ್ಲ, ಎರಡರಲ್ಲೂ ಒಂದೇ ಸಂಖ್ಯೆ ನೋಡಿ ತನ್ನಿ. ಆಗ ಪಂಚಾಯತಿನ ಕಸದ ಶೆಡ್ಡಿನವರಿಗೆ ಬೇರೆ ಮಾಡುವ ಕಷ್ಟ ಇಲ್ಲ."

"ತುಕ್ಕು ಹಿಡಿಯದ ಬೋಲ್ಟು ಎಲ್ಲಿ ಸಿಗ್ತದೆ ಅಂತ ನನಗೆ ಹೇಳಿಕೊಡ್ಬೇಡಿ, ಬಾಯಿ. ದೋಣಿಗೆ ಹಾಕಿದವನು ನಾನು." ಗಣಪಣ್ಣ ಆಗಲೇ ಸ್ಕೂಟರಿನ ಕೀಲಿ ಹುಡುಕುತ್ತಿದ್ದರು.

ಎರಡನೆಯ ಪೆಟ್ಟಿಗೆ ಬಂತು. ಸ್ಟೀಲ್ ಬೋಲ್ಟುಗಳು, ಅವಕ್ಕೆ ಎರಡು ಕಿವಿಯ ನಟ್ಟುಗಳು. ಪಾನಾ ಬೇಡ, ಕೈಬೆರಳಿನಲ್ಲೇ ತಿರುಗಿಸಬಹುದು. ಅಂಚಿಗೆ ಕುಕ್ಕರಿನ ಹಾಗೆಯೇ ಒಂದು ರಬ್ಬರ್ ಪಟ್ಟಿ. ತೊಟ್ಟಿಗೂ ಹೊರಗಿನ ಶೀಟುಗಳಿಗೂ ನಡುವೆ ಅಂಟಿಲ್ಲದೆ ನಿಲ್ಲಿಸಿದ ಥರ್ಮಾಕೋಲ್ ಹಲಗೆಗಳು. ಸುಂದರಕ್ಕ ಅದರಲ್ಲಿ ನೀರು ತುಂಬಿಸಿ ಇಡೀ ದಿನ ಅಂಗಳದಲ್ಲಿಟ್ಟರು. ಅಡಿಯ ಮಣ್ಣು ಒಣಗಿಯೇ ಇತ್ತು.

ಅಂದಿನಿಂದ ವಾರಕ್ಕೊಮ್ಮೆ ಅವರು ಪೆಟ್ಟಿಗೆಯನ್ನು ಬಿಚ್ಚಿ, ಮಗುವಿಗೆ ಸ್ನಾನ ಮಾಡಿಸಿದ ಹಾಗೆ ಸಂದಿ ಸಂದಿ ತೊಳೆದು, ಬಿಸಿಲಿಗೆ ಒಣಗಿಸಿ, ಮತ್ತೆ ಕಟ್ಟುತ್ತಿದ್ದರು. ನಾತದ ಸುಳಿವೇ ಇಲ್ಲ.

ಆದರೆ ಹೋದ ಹೆಸರು ಹೋದಷ್ಟು ಬೇಗ ತಿರುಗಿ ಬರುವುದಿಲ್ಲ. ಸುಗಂಧಿ ಟೀಚರ್ ದೂರದಿಂದಲೇ ನಕ್ಕು ಮುಂದೆ ಹೋಗುತ್ತಿದ್ದರು. ಜಲಜಕ್ಕನ ಬಾಯಿಯಂತೂ ನಿಲ್ಲಲಿಲ್ಲ. "ಬಿಚ್ಚುವ ಪೆಟ್ಟಿಗೆಯಂತೆ! ದಾರಿಯಲ್ಲಿ ತಾನಾಗಿಯೇ ಬಿಚ್ಚಿಕೊಂಡ್ರೆ ಬಂಗುಡೆಯನ್ನು ಯಾರು ಹೆಕ್ಕುವುದು?"

ಒಂದು ಬೆಳಿಗ್ಗೆ ಕಟಪಾಡಿ ಜಂಕ್ಷನ್ನಿನಲ್ಲಿ ಟೆಂಪೋ ತಿರುಗುವಾಗ ಹಗ್ಗ ಸಡಿಲಾಯಿತು. ಸುಂದರಕ್ಕನ ಪೆಟ್ಟಿಗೆ ಜಾರಿ ರಸ್ತೆಗೆ ಬಿತ್ತು. ಹಿಂದಿನಿಂದ ಬಂದ ಬಸ್ಸಿನ ಚಾಲಕ ಗಕ್ಕನೆ ಬ್ರೇಕ್ ಹಾಕಿದರೂ ಬಸ್ಸಿನ ಮುಂಭಾಗ ಪೆಟ್ಟಿಗೆಯ ಒಂದು ಬದಿಗೆ ಬಡಿದೇ ಬಿಟ್ಟಿತು. ಚಟಾರನೆ ಸದ್ದಾಯಿತು. ಆಟೋದವರು ಓಡಿ ಬಂದರು. ಅದೇ ಬಸ್ಸಿನಿಂದ ಸುಗಂಧಿ ಟೀಚರ್ ಇಳಿದರು. ಇನ್ನೊಂದು ಟೆಂಪೋದಿಂದ ಜಲಜಕ್ಕ ಇಳಿದು, ತಲೆಯ ಮೇಲೆ ಕೈ ಹೊತ್ತರು. ಈಗ ಅವರ ದನಿಯಲ್ಲಿ ತಮಾಷೆ ಇರಲಿಲ್ಲ. "ಅಯ್ಯೋ ಸುಂದರಿ, ಹೋಯ್ತಲ್ಲ ಮಾರಾಯ್ತಿ! ಮೀನೂ ಹೋಯ್ತು, ಪೆಟ್ಟಿಗೆಯೂ ಹೋಯ್ತು!"

ಪೆಟ್ಟಿಗೆಯನ್ನು ನಾಲ್ಕು ಜನ ಸೇರಿ ಅಂಗಡಿಯೊಂದರ ಮುಂದೆ ತಂದಿಟ್ಟರು. ಒಂದು ಬದಿಯ ಶೀಟು ಅಡ್ಡಡ್ಡ ಸೀಳಿ ಹೋಗಿತ್ತು. ಸುಂದರಕ್ಕ ಸೆರಗು ಸಿಕ್ಕಿಸಿ ಕುಳಿತರು. ಒಂದು ನಟ್ಟು ತಿರುಗಿಸಿದರು. ಸಲೀಸಾಗಿ ಬಂತು. ಮತ್ತೊಂದು, ಇನ್ನೊಂದು. ಸೀಳಿದ ಶೀಟನ್ನು ಎತ್ತಿ ಬದಿಗಿಟ್ಟರು. ಒಳಗಿನ ಥರ್ಮಾಕೋಲ್ ಹಲಗೆ ಒಂದು ಮೂಲೆಯಲ್ಲಿ ತಗ್ಗಾಗಿತ್ತು, ಅಷ್ಟೇ. ಅದನ್ನೂ ಎಳೆದು ತೆಗೆದರು. ಬೆಳ್ಳಗೆ, ಒಣಗಿಕೊಂಡು, ಹೊಸ ಸುಣ್ಣ ಬಳಿದ ಗೋಡೆಯ ಹಾಗಿತ್ತು. ಅದರಾಚೆಗೆ ತೊಟ್ಟಿ. ಒಂದು ಗೀರೂ ಇಲ್ಲ. ಮುಚ್ಚಳ ತೆಗೆದರೆ ಐಸಿನ ನಡುವೆ ಬಂಗುಡೆಗಳು ಮಲಗಿಸಿದ ಹಾಗೆಯೇ ಮಲಗಿದ್ದವು.

ಯಾರೋ ಸಿಳ್ಳೆ ಹಾಕಿದರು. ಬಸ್ಸಿನ ಕಿಟಕಿಗಳಿಂದ ಜನ ಕತ್ತು ಹೊರಗೆ ಹಾಕಿ ನೋಡುತ್ತಿದ್ದರು.

ಸುಗಂಧಿ ಟೀಚರ್ ಮುಂದೆ ಬಂದು, ಹತ್ತಿರ ಬಗ್ಗಿ, ಬಿಚ್ಚಿದ ಪೆಟ್ಟಿಗೆಯನ್ನು ಒಳಗೂ ಹೊರಗೂ ನೋಡಿದರು. ಸೆರಗು ಮೂಗಿನ ಹತ್ತಿರ ಹೋಗಲಿಲ್ಲ.

"ಸುಂದರಕ್ಕ, ನಿಮ್ಮ ಪೆಟ್ಟಿಗೆ ನನ್ನ ಅಡುಗೆಮನೆಗಿಂತ ಸ್ವಚ್ಛ ಉಂಟಲ್ಲ!"

"ವಾರವಾರ ಬಿಚ್ಚಿ ತೊಳೀತೇನೆ ಟೀಚರ್. ಮೊದಲಿನದ್ದು ಬಿಚ್ಚಲಿಕ್ಕೆ ಬರ್ತಿರ್ಲಿಲ್ಲ, ನಾತ ಅದರದ್ದೇ. ಮೀನಿನದ್ದಲ್ಲ."

"ನನಗೆ ಈಗ ಅರ್ಥ ಆಯ್ತು. ಬಂಗುಡೆ ಕೊಡಿ. ನಮ್ಮ ಸ್ಟಾಫ್ ರೂಮಿನವರಿಗೂ ಹೇಳ್ತೇನೆ."

ವ್ಯಾಪಾರ ಅಂಗಡಿಯ ಮುಂದೆಯೇ ಶುರುವಾಯಿತು. ಆಟೋದವರು ಕೊಂಡರು, ಅಂಗಡಿಯವರು ಕೊಂಡರು. ಮಾರ್ಕೆಟ್ಟಿಗೆ ಮುಟ್ಟುವ ಮೊದಲೇ ತೊಟ್ಟಿಯಲ್ಲಿ ಐಸು ಮಾತ್ರ ಉಳಿದಿತ್ತು. ಫೋನು ಹೋದ ಕೂಡಲೇ ಗಣಪಣ್ಣ ಸ್ಕೂಟರಿನಲ್ಲಿ ಓಡಿ ಬಂದರು. ಹಿಂದೆ ಕಟ್ಟಿಕೊಂಡು ಬಂದದ್ದು ಹೊಸ ಪೆಟ್ಟಿಗೆಯಲ್ಲ, ಒಂದೇ ಒಂದು ಶೀಟು. ಎಲ್ಲರ ಎದುರು ಗಂಡ ಹೆಂಡತಿ ಸೇರಿ ಅದನ್ನು ಕೂರಿಸಿದರು. ಪಕ್ಕದ ಹೋಟೆಲಿನಿಂದ ಯಾರೋ ತಂದುಕೊಟ್ಟ ಚಹಾ ಆರುವ ಮೊದಲೇ ಪೆಟ್ಟಿಗೆ ಎದ್ದು ನಿಂತಿತು.

ಜಲಜಕ್ಕ ಅದರ ನಟ್ಟುಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಗಣಪಣ್ಣ, ನನಗೂ ಇಂಥದ್ದು ಒಂದು ಮಾಡಿ ಕೊಡಿ. ನಕ್ಕದ್ದು ಬಾಯಿ, ಕೇಳ್ತಾ ಇರುವುದು ನಾನು" ಎಂದರು.

ಸೀಳಿದ ಶೀಟನ್ನು ಮರುದಿನ ಪಂಚಾಯತಿನ ಒಣ ಕಸದ ಗಾಡಿ ಮರುಮಾತಿಲ್ಲದೆ ತೆಗೆದುಕೊಂಡಿತು. ಅಂಟಿಲ್ಲ, ಫೈಬರ್ ಇಲ್ಲ, ಒಂದೇ ಜಾತಿಯ ಪ್ಲಾಸ್ಟಿಕ್. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಗಣಪಣ್ಣ ಗೇಟಿನ ಬಳಿ ನಿಂತು ನೋಡಿದರು, ಮಗಳನ್ನು ಒಳ್ಳೆಯ ಮನೆಗೆ ಕಳುಹಿಸಿಕೊಟ್ಟವರ ಹಾಗೆ.

ಈಗ ಕಾಪುವಿನಿಂದ ಮಾತ್ರವಲ್ಲ, ಕಾರ್ಕಳದ ಮೀನಿನವರಿಂದಲೂ ಅವರಿಗೆ ಬೇಡಿಕೆ ಬರುತ್ತಿದೆ. ಎಸ್ತರ್ ಗಣಪಣ್ಣನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋಗಿ ತಮ್ಮ ವಿದ್ಯಾರ್ಥಿಗಳ ಎದುರು ಪೆಟ್ಟಿಗೆ ಬಿಚ್ಚಿ ಕಟ್ಟಿಸಿದರು. ಹಳೆಯ ರಾಶಿಗೆ ಮಾತ್ರ ಇನ್ನೂ ದಾರಿ ಸಿಕ್ಕಿಲ್ಲ. ಹರಳುಗಳು ಸಮುದ್ರಕ್ಕೆ ಹೋಗದ ಹಾಗೆ ಗಣಪಣ್ಣ ಅದನ್ನು ಟಾರ್ಪಾಲಿನಿಂದ ಬಿಗಿಯಾಗಿ ಮುಚ್ಚಿಟ್ಟಿದ್ದಾರೆ. ಆ ರಾಶಿ ಇನ್ನು ಬೆಳೆಯುವುದಿಲ್ಲ ಎಂಬುದೇ ಅವರಿಗೆ ದೊಡ್ಡ ಸಮಾಧಾನ. ಸುಂದರಕ್ಕನ ಜಾಗದಲ್ಲಂತೂ ಬೆಳಿಗ್ಗೆ ನಿಲ್ಲಲು ಸ್ಥಳವಿಲ್ಲ.

ಅಕ್ಕಂದಿರೇ, ತಂಗಿಯರೇ, ಅಣ್ಣಂದಿರೇ, ನಮ್ಮೆಲ್ಲರ ಮನೆಯಲ್ಲೂ ಬಿಚ್ಚಲು ಬಾರದ ವಸ್ತುಗಳಿವೆ. ಇನ್ನು ಮುಂದೆ ಮಿಕ್ಸಿಯಾಗಲಿ, ಟಾರ್ಚಾಗಲಿ, ಮಕ್ಕಳ ಆಟಿಕೆಯಾಗಲಿ ಕೊಳ್ಳುವಾಗ ಬಣ್ಣ ನೋಡಿ, ಬೆಲೆ ನೋಡಿ, ಜೊತೆಗೆ ತಿರುಗಿಸಿ ಅದರ ಅಡಿಯನ್ನೂ ನೋಡಿ. ತಿರುಪು ಕಾಣುತ್ತದೆಯೇ? ಬ್ಯಾಟರಿ ಹೊರಗೆ ತೆಗೆಯಲು ಬರುತ್ತದೆಯೇ? ಒಂದು ಭಾಗ ಹೋದರೆ ಆ ಭಾಗ ಮಾತ್ರ ಸಿಗುತ್ತದೆಯೇ? ನಿಮ್ಮ ಸ್ವಸಹಾಯ ಸಂಘದಲ್ಲಿ ಬ್ಯಾಗು, ದೀಪ, ಪೆಟ್ಟಿಗೆ ಏನನ್ನೇ ತಯಾರಿಸುವುದಿದ್ದರೂ ಅಂಟಿನ ಡಬ್ಬಿ ತೆರೆಯುವ ಮೊದಲು ಒಂದು ಕ್ಷಣ ನಿಲ್ಲಿ. ಹೊಲಿಗೆ ಸಾಕೇ, ಗಂಟು ಸಾಕೇ, ಬೋಲ್ಟು ಸಾಕೇ ಎಂದು ಯೋಚಿಸಿ. ಅಂಗಡಿಗೆ ಹೋದಾಗ ನಾಚಿಕೊಳ್ಳದೆ ಕೇಳಿ: "ಇದು ಹಾಳಾದರೆ ಹೇಗೆ ಬಿಚ್ಚುವುದು?" ಒಬ್ಬರು ಕೇಳಿದರೆ ಅಂಗಡಿಯವರು ನಗಬಹುದು. ನಗಲಿ. ಊರಿಡೀ ಕೇಳತೊಡಗಿದ ದಿನ ಬಿಚ್ಚಲು ಬರುವುದನ್ನೇ ತಂದು ಮುಂದೆ ಇಡುತ್ತಾರೆ.